ಡಿಸ್ಕಿನ ಮೈಮೇಲೆ ಏಳು ಹೆಸರು

ಹತ್ತು-ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗ ನಾನು ಕಲಘಟಗಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಯ ಪಡಸಾಲೆಯಲ್ಲೇ ಡಿ.ಟಿ.ಪಿ. ಕೆಲಸ ಮಾಡುತ್ತಿದ್ದೆ. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಬಣ್ಣದ ಇಂಕ್‌ಜೆಟ್ ಪ್ರಿಂಟರ್, ಇಷ್ಟೇ ನನ್ನ ಸಂಸಾರ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ಅರ್ಜಿ, ತೀರಿಕೊಂಡವರ ಭಾವಚಿತ್ರದ ಕೆಳಗೆ ಹಾಕುವ ನಾಲ್ಕು ಸಾಲು, ಇವೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು.

ಅದರ ಜೊತೆಗೆ ಇನ್ನೊಂದು ಕೆಲಸ ಹತ್ತಿಕೊಂಡಿತ್ತು. ಮದುವೆಯ ವಿಡಿಯೋ ತೆಗೆಯುವವರು ಸಿ.ಡಿ., ಡಿ.ವಿ.ಡಿ.ಗಳನ್ನು ತಂದುಕೊಟ್ಟು, ಅವುಗಳ ಮೇಲೆ ವಧು-ವರರ ಹೆಸರು ಹಾಕಿಕೊಡಿ ಎನ್ನುತ್ತಿದ್ದರು. ಮೊದಮೊದಲು ಎಲ್ಲರೂ ಗುಂಡಗೆ ಕತ್ತರಿಸಿದ ಸ್ಟಿಕ್ಕರ್ ಅಂಟಿಸುತ್ತಿದ್ದರು. ಆಮೇಲೆ ಡಿಸ್ಕಿನ ಮೈಮೇಲೆ ನೇರವಾಗಿ ಅಚ್ಚು ಹಾಕುವ ಪ್ರಿಂಟರ್ ಬಂತು. ನನ್ನ ಇಂಕ್‌ಜೆಟ್ ಆ ಜಾತಿಯದು. ಅದರ ಜೊತೆ ಒಂದು ಪ್ಲಾಸ್ಟಿಕ್ ಟ್ರೇ ಬರುತ್ತದೆ, ಟ್ರೇಯ ನಡುವೆ ಡಿಸ್ಕ್ ಕೂಡುವಷ್ಟು ಗುಂಡನೆಯ ತಗ್ಗು ಇರುತ್ತದೆ. ಡಿಸ್ಕನ್ನು ಅದರಲ್ಲಿಟ್ಟು ಟ್ರೇಯನ್ನು ಪ್ರಿಂಟರ್‌ಗೆ ತೂರಿಸಿದರೆ ಕಾಗದದ ಮೇಲೆ ಅಚ್ಚಾದಂತೆಯೇ ಡಿಸ್ಕಿನ ಮೇಲೂ ಅಚ್ಚಾಗುತ್ತದೆ. ಆದರೆ ಥಳಥಳ ಹೊಳೆಯುವ ಸಾಮಾನ್ಯ ಡಿಸ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಮೇಲ್ಮೈಗೆ ಬಿಳಿ ಲೇಪ ಹಚ್ಚಿದ ಪ್ರಿಂಟೇಬಲ್ ಡಿಸ್ಕೇ ಬೇಕು. ಅದನ್ನು ಹುಬ್ಬಳ್ಳಿಯಿಂದ ತರಬೇಕಾಗುತ್ತಿತ್ತು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ದೇವಿಕೊಪ್ಪದಿಂದ ಮೂವರು ಹೆಣ್ಣುಮಕ್ಕಳು ಬಂದರು. ಮುಂದಿದ್ದವರು ಗಂಗವ್ವ, ಅರವತ್ತರ ಆಸುಪಾಸಿನವರು, ಎತ್ತರದ ಮೈಕಟ್ಟು. ಅವರ ಹಿಂದೆ ಎಲ್ಲರಿಗಿಂತ ಹಿರಿಯರಾದ ಯಲ್ಲವ್ವ ಮತ್ತು ಮೂವತ್ತು ದಾಟಿದ ಫಕೀರವ್ವ. ಅವರ ಊರಲ್ಲಿ ಏಳು ಮಂದಿಯ ಒಂದು ಹಾಡಿನ ಮೇಳವಿತ್ತು. ನಾಗರ ಪಂಚಮಿಯ ಜೋಕಾಲಿ ಹಾಡು, ಬೀಸುವ ಹಾಡು, ಮದುವೆಯ ಸೋಬಾನೆ ಎಲ್ಲವನ್ನೂ ಹಾಡುತ್ತಿದ್ದರು. ಹಗಲು ಹೊಲದ ಕೆಲಸ, ಸಂಜೆ ಹಾಡು.

ಗಂಗವ್ವ ಸೆರಗಿನ ಗಂಟು ಬಿಚ್ಚಿ ಒಂದು ಡಿಸ್ಕ್ ತೆಗೆದು ಮೇಜಿನ ಮೇಲೆ ಇಟ್ಟರು. ಅದರ ಮೇಲಿನ ಸ್ಟಿಕ್ಕರ್ ಅರ್ಧ ಕಿತ್ತು ಮುದುಡಿ ಹೋಗಿತ್ತು.

"ಇದು ನಮ್ಮ ಹಾಡ್ರಿ ಅಕ್ಕಾರ. ಹುಬ್ಬಳ್ಳ್ಯಾಗ ಮಾಡ್ಸಿದ್ವಿ. ರೇಡಿಯೋದವ್ರಿಗೆ ಕೊಟ್ರ ಅವ್ರ ಮಷಿನ್ನಾಗ ಸಿಕ್ಕೊಂಡು ಕುಂತಂತ. ತಿರುಗಿ ಕೊಟ್ಟಾರ."

ಧಾರವಾಡದ ಕಡೆ ಆಗಷ್ಟೇ ಶುರುವಾಗಿದ್ದ ಒಂದು ಸಣ್ಣ ಸಮುದಾಯ ರೇಡಿಯೋ ಕೇಂದ್ರ ಪಂಚಮಿಯ ದಿನ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಪ್ರಸಾರ ಮಾಡುವುದಿತ್ತು. ಅದಕ್ಕಾಗಿ ಇವರು ಡಿಸ್ಕ್ ಕೊಟ್ಟಿದ್ದರು. ಡಿಸ್ಕ್ ಯಂತ್ರದೊಳಗೆ ಬಹಳ ಜೋರಾಗಿ ತಿರುಗುತ್ತದೆ, ಕಾಯುತ್ತದೆ. ಆ ಕಾವಿಗೆ ಸ್ಟಿಕ್ಕರಿನ ಅಂಟು ಸಡಿಲಾಗಿ ಕಾಗದ ಮೇಲೆದ್ದರೆ ಡಿಸ್ಕ್ ಒಳಗೇ ಸಿಕ್ಕಿಬೀಳುತ್ತದೆ. ಇವರದು ಹಾಗೇ ಆಗಿತ್ತು. ಇನ್ನು ಸ್ಟಿಕ್ಕರಿನ ಡಿಸ್ಕ್ ತೆಗೆದುಕೊಳ್ಳುವುದಿಲ್ಲ ಎಂದು ಕೇಂದ್ರದವರು ಹೇಳಿದ್ದರು. ಹೊಸದು ಕೊಡಲು ಆ ವಾರದ ಶನಿವಾರದವರೆಗೆ ಸಮಯವಿತ್ತು.

"ಹಂಗಾದ್ರ ಸ್ಟಿಕ್ಕರ್ ಇಲ್ದ ಡಿಸ್ಕ್ ಮಾಡಿಕೊಡ್ತೀನ್ರಿ. ಹೆಸರು ಒಂದು ಚೀಟಿಯೊಳಗ ಬರದು ಡಬ್ಬಿಯೊಳಗ ಇಡೂಣು," ಎಂದೆ. ನನಗೆ ಅದು ಸುಲಭದ ಕೆಲಸವಾಗಿ ಕಂಡಿತ್ತು.

ಗಂಗವ್ವ ತಲೆ ಅಲ್ಲಾಡಿಸಿದರು. "ಚೀಟಿ ಬ್ಯಾಡ್ರಿ. ಚೀಟಿ ಹಾರಿ ಹೋಗತೈತಿ."

ಆಮೇಲೆ ಅವರು ಹೇಳಿದ್ದು ಕೇಳಿ ನಾನು ಕೈಯಲ್ಲಿದ್ದ ಕೆಲಸ ಬದಿಗಿಟ್ಟೆ. ಕೆಲವು ವರ್ಷಗಳ ಹಿಂದೆ ಯಾರೋ ಒಬ್ಬ ಊರಿಗೆ ಬಂದು, ಇವರಿಂದ ಇಡೀ ದಿನ ಹಾಡಿಸಿ ಧ್ವನಿಮುದ್ರಣ ಮಾಡಿಕೊಂಡು ಹೋಗಿದ್ದ. ಮರಳಿ ಬರಲಿಲ್ಲ. ಒಂದು ವರ್ಷದ ನಂತರ ಗಂಗವ್ವ ಕಲಘಟಗಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದಾಗ ಬಾಜುವಿನ ಕ್ಯಾಸೆಟ್-ಸಿ.ಡಿ. ಅಂಗಡಿಯಿಂದ ತಮ್ಮದೇ ದನಿ ಕೇಳಿಸಿತು. ಎದ್ದು ಹೋಗಿ ನೋಡಿದರೆ ಡಿಸ್ಕಿನ ಹೊದಿಕೆಯ ಮೇಲೆ ರೇಷ್ಮೆ ಸೀರೆಯುಟ್ಟ ಯಾವಳೋ ಹುಡುಗಿಯ ಫೋಟೋ, ಮೇಲೆ 'ಜನಪದ ಹಾಡುಗಳು' ಎಂಬ ಅಕ್ಷರ.

"ಇದು ನನ್ನ ದನೀಪಾ ಅಂದೆ. ಅಂಗಡಿಯಾಂವ ನಕ್ಕ. ಹಂಗಾದ್ರ ನಿಮ್ಮ ಹೆಸ್ರ ಎಲ್ಲೈತಿ ತೋರಸ್ರಿ ಅಂದ. ತಿರುವಿ ಮುರುವಿ ನೋಡಿದೆ. ಎಲ್ಲೂ ಇಲ್ಲ. ಹೊಳ್ಳಿ ಬಂದು ಮೆಣಸಿನಕಾಯಿ ಆರಸಾಕ ಕುಂತೆ."

ಅವರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಆದರೆ ಬಾಜುವಿನಲ್ಲಿದ್ದ ಫಕೀರವ್ವ ಮುಖ ತಿರುಗಿಸಿಕೊಂಡಳು. ಗಂಗವ್ವ ಡಿಸ್ಕಿನ ಮೇಲೆ ಬೆರಳಿಟ್ಟು ಹೇಳಿದರು, "ಹಾಡು ಇದರ ಮೈಯಾಗೈತಿ. ಹೆಸ್ರೂ ಇದರ ಮೈಮ್ಯಾಲ ಇರಬೇಕು. ಕಿತ್ತರ ಬರಬಾರದು."

ಕೆಲಸ ಒಪ್ಪಿಕೊಂಡೆ. ಹಾಡಿನ ಭಾಗಕ್ಕೆ ಚಿಂತೆ ಇರಲಿಲ್ಲ. ಹಳೆಯ ಡಿಸ್ಕಿನ ಕೆಳಮೈ ಚೆನ್ನಾಗಿತ್ತು. ಸ್ಟಿಕ್ಕರಿನ ಉಳಿದ ಭಾಗವನ್ನು ಹುಷಾರಾಗಿ ತೆಗೆದು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ನನ್ನ ಬಳಿ ಬಿಳಿ ಲೇಪದ ಡಿಸ್ಕುಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದರೆ ಅಲ್ಲಿಯೂ ದಾಸ್ತಾನು ಮುಗಿದಿತ್ತು. ಡಿಸ್ಕುಗಳ ಕಾಲವೇ ಮುಗಿಯುತ್ತ ಬಂದಿತ್ತು, ಜನ ಮೊಬೈಲಿನಲ್ಲೇ ಹಾಡು ತುಂಬಿಸಿಕೊಳ್ಳುತ್ತಿದ್ದರು. ಇರುವಷ್ಟರಲ್ಲೇ ಕೆಲಸ ಆಗಬೇಕಿತ್ತು.

ಮರುದಿನ ಏಳೂ ಮಂದಿ ಬಂದರು. ಹೆಸರು ಹೇಗೆ ಹಾಕಬೇಕು ಎಂಬ ಮಾತು ಎದ್ದಿತು. ಗಂಗವ್ವನ ಹೆಸರು ನಡುವೆ ದೊಡ್ಡದಾಗಿ ಇರಲಿ, ನಮ್ಮದು ಕೆಳಗೆ ಸಣ್ಣಗೆ ಇದ್ದರೆ ಸಾಕು ಎಂದರು ಉಳಿದವರು. ನಾನು ಖಾಲಿ ಡಿಸ್ಕ್ ಎತ್ತಿ ತೋರಿಸಿದೆ. ಯಲ್ಲವ್ವ ಅದರ ತೂತಿನೊಳಗಿಂದ ನನ್ನನ್ನು ನೋಡಿ, "ನಡು ತೂತೈತೆಲ್ರಿ. ನಡು ಯಾರನ್ನ ಕೂಡಸ್ತೀರಿ?" ಎಂದರು.

ಎಲ್ಲರೂ ನಕ್ಕರು. ಗಂಗವ್ವ ಮಾತ್ರ, "ಛಲೋನ ಆತು. ಹಾಡಾಕ ಹೆಂಗ ಕುಂದರ್ತೀವಿ, ಹಂಗ ಸುತ್ತ ಕೂಡೂಣು," ಎಂದರು. ಏಳೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಡಿಸ್ಕಿನ ಅಂಚಿನ ಸುತ್ತ ಬರಬೇಕೆಂದು ತೀರ್ಮಾನವಾಯಿತು. ಒಳಗಡೆಯ ಸುತ್ತಿನಲ್ಲಿ ಊರಿನ ಹೆಸರು. ಹಿನ್ನೆಲೆಗೆ ನಮ್ಮೂರಿನ ತೊಟ್ಟಿಲುಗಳಿಗೆ ಬಳಿಯುವಂಥ ಕೆಂಪು, ಹಳದಿ ಪಟ್ಟಿ.

ಅವರು ಹೋದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಆಗ ನಾವು ಬಳಸುತ್ತಿದ್ದ ಕನ್ನಡ ಫಾಂಟುಗಳಲ್ಲಿ ಅಕ್ಷರ, ಅದರ ಕೊಂಬು, ಅದರ ಒತ್ತು ಎಲ್ಲವೂ ಬೇರೆ ಬೇರೆ ತುಂಡುಗಳು. ನೇರ ಸಾಲಿನಲ್ಲಿ ಆ ತುಂಡುಗಳು ಒಂದಕ್ಕೊಂದು ಹೊಂದಿಕೊಂಡು ಕೂಡುವುದರಿಂದ ಓದುವವರಿಗೆ ಒಂದೇ ಅಕ್ಷರವಾಗಿ ಕಾಣುತ್ತವೆ. ಅದೇ ಸಾಲನ್ನು ವೃತ್ತದ ಮೇಲೆ ಬಾಗಿಸಿದರೆ ಸಾಫ್ಟ್‌ವೇರ್ ಪ್ರತಿಯೊಂದು ತುಂಡನ್ನೂ ತನ್ನ ಪಾಡಿಗೆ ತಿರುಗಿಸಿಬಿಡುತ್ತದೆ. ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಮದುವೆಯ ಡಿಸ್ಕುಗಳಲ್ಲಿ ಹೆಸರನ್ನು ನೇರ ಸಾಲಿನಲ್ಲೇ ಹಾಕುತ್ತಿದ್ದುದರಿಂದ ನನಗೆ ಈ ತೊಡಕು ಎದುರಾಗಿರಲಿಲ್ಲ.

ಇಲ್ಲಿಯ ಹೆಸರುಗಳನ್ನು ನೋಡಿ: ಗಂಗವ್ವ, ಫಕೀರವ್ವ, ಶಾಂತವ್ವ, ನೀಲವ್ವ, ಬಸವ್ವ, ಕಾಶವ್ವ, ಯಲ್ಲವ್ವ. ಏಳಕ್ಕೆ ಏಳೂ 'ವ್ವ'ದಲ್ಲೇ ಮುಗಿಯುತ್ತವೆ. ಏಳಕ್ಕೆ ಏಳೂ ಮುರಿದುಹೋದವು.

ಬೆಲೆಬಾಳುವ ಡಿಸ್ಕಿನ ಮೇಲೆ ಪ್ರಯೋಗ ಮಾಡಬಾರದೆಂದು ಗುಂಡಗೆ ಕತ್ತರಿಸಿದ ಕಾಗದದ ಮೇಲೆ ಅಚ್ಚು ಹಾಕಿ ನೋಡುತ್ತಿದ್ದೆ. ಸಂತೆಗೆ ಬಂದಿದ್ದ ಗಂಗವ್ವ ಒಳಗೆ ಇಣುಕಿದಾಗ ಆ ಕಾಗದ ಮೇಜಿನ ಮೇಲೇ ಇತ್ತು. ಅವರು ಅಕ್ಷರ ಕಲಿತಿದ್ದು ದೊಡ್ಡವರಾದ ಮೇಲೆ, ಸಂಜೆಯ ಸಾಕ್ಷರತಾ ವರ್ಗದಲ್ಲಿ. ಕಾಗದವನ್ನು ಕೈಯಲ್ಲಿ ತಿರುಗಿಸುತ್ತ ತಮ್ಮ ಹೆಸರಿಗೆ ಬಂದು ನಿಂತರು.

"ಅಕ್ಕಾರ, ನನ್ನ ಹೆಸ್ರಿನ ಕಾಲು ಮುರದೈತಿ."

ಒತ್ತನ್ನು ಅವರು ಕಾಲು ಎಂದಿದ್ದರು. ನಿಜಕ್ಕೂ ಹಾಗೇ ಕಾಣುತ್ತಿತ್ತು. ಕೆಳಗಿನ ಒತ್ತು ಪಕ್ಕಕ್ಕೆ ಸರಿದು ಮುಂದಿನ ಹೆಸರಿನ ಮೈಮೇಲೆ ಬಿದ್ದಿತ್ತು. "ಸರಿ ಮಾಡ್ತೀನ್ರಿ," ಎಂದೆ. ಹೇಗೆ ಎಂದು ನನಗೇ ತಿಳಿದಿರಲಿಲ್ಲ.

ಎರಡು ದಿನ ಒದ್ದಾಡಿದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದೆ, ಕಡಿಮೆ ಮಾಡಿದೆ, ಫಾಂಟ್ ಬದಲಿಸಿದೆ. ಒಂದು ಹೆಸರು ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ನಮ್ಮ ಅತ್ತೆ ಚಹಾ ತಂದಿಟ್ಟು, "ಇಂಗ್ಲಿಷಿನ್ಯಾಗ ಹಾಕಿಬಿಡವಾ, ಅದಕ್ಕ ಒತ್ತು ಇರೂದಿಲ್ಲ," ಎಂದರು. ಇಂಗ್ಲಿಷಿನಲ್ಲಿ ಒಂದೇ ಗಳಿಗೆಯಲ್ಲಿ ಮುಗಿಯುವ ಕೆಲಸವದು. ಆದರೆ ಗಂಗವ್ವ ಓದಲಾಗದ ಗಂಗವ್ವನ ಹೆಸರಿನಿಂದ ಯಾರಿಗೆ ಏನು ಪ್ರಯೋಜನ?

ಕೊನೆಗೆ ದಾರಿ ಸಿಕ್ಕಿದ್ದು ಹಳೆಯ ಒಂದು ಅಭ್ಯಾಸದಿಂದ. ಬೇರೆ ಊರಿನ ಮುದ್ರಣಾಲಯಕ್ಕೆ ಕೆಲಸ ಕಳಿಸುವಾಗ ಅಲ್ಲಿ ನಮ್ಮ ಫಾಂಟ್ ಇರುತ್ತದೋ ಇಲ್ಲವೋ ಎಂದು ಅಕ್ಷರಗಳನ್ನು ಚಿತ್ರವನ್ನಾಗಿ ಬದಲಿಸಿ ಕಳಿಸುತ್ತಿದ್ದೆವು. ಚಿತ್ರವಾದ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಅದರ ತುಂಡುಗಳು ಅಲುಗಾಡುವುದಿಲ್ಲ. ಪ್ರತಿ ಹೆಸರನ್ನೂ ನೇರ ಸಾಲಿನಲ್ಲಿ ಬರೆದು, ಇಡಿಯಾಗಿ ಚಿತ್ರ ಮಾಡಿ, ಒಂದು ಗಟ್ಟಿ ಹಲಗೆಯಂತೆ ಎತ್ತಿ ವೃತ್ತದ ಅಂಚಿಗೆ ತಂದಿಟ್ಟು ಆ ಜಾಗಕ್ಕೆ ತಕ್ಕ ಹಾಗೆ ತಿರುಗಿಸಿದೆ. ಸಾಲು ಬಾಗಲಿಲ್ಲ, ಹೆಸರುಗಳು ಮಾತ್ರ ಸುತ್ತಲೂ ಕುಳಿತವು. ಏಳನೆಯ ಹೆಸರು ತನ್ನ ಜಾಗದಲ್ಲಿ ಕೂತಾಗ ಕುರ್ಚಿ ಬಿಟ್ಟು ಎದ್ದು ಅತ್ತೆಯವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದರು. ಎಲ್ಲಿಯೂ ತಡವರಿಸಲಿಲ್ಲ. ನನಗೆ ಅಷ್ಟೇ ಬೇಕಿತ್ತು.

ಅಚ್ಚು ಹಾಕುವ ಬೆಳಿಗ್ಗೆ ಗಂಗವ್ವ, ಯಲ್ಲವ್ವ, ಫಕೀರವ್ವ ಬಂದು ಕುಳಿತಿದ್ದರು. ಪ್ರಿಂಟರ್ ಚಾಲೂ ಮಾಡುವಷ್ಟರಲ್ಲಿ ಫಕೀರವ್ವನ ಗಂಡ ನಿಂಗಪ್ಪ ಬಂದ. ಊರಲ್ಲಿ ಟ್ರ್ಯಾಕ್ಟರ್ ಹೊಡೆಯುವವನು, ಒಳ್ಳೆಯ ಮನುಷ್ಯನೇ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ.

"ಅಕ್ಕಾರ, ಅದರಾಗ ನಮ್ಮ ಮನ್ಯಾಕಿ ಹೆಸ್ರು ಬ್ಯಾಡ್ರಿ. ಹಾಡ್ಲಿ, ನಾ ಬ್ಯಾಡ ಅಂದಿಲ್ಲ. ಹೆಸ್ರು ಊರೂರು ತಿರಗೂದು ಬ್ಯಾಡ. ಮಂದಿ ನಗತಾರ."

"ಅದು ನನ್ನ ಕೈಯಾಗಿಲ್ರಿ. ಕೆಲಸ ಕೊಟ್ಟವ್ರು ಇಲ್ಲೇ ಅದಾರ, ಅವ್ರನ್ನ ಕೇಳ್ರಿ," ಎಂದೆ.

ಗಂಗವ್ವ ಎದ್ದೇಳಲಿಲ್ಲ, ದನಿ ಏರಿಸಲೂ ಇಲ್ಲ. "ಆತು ತಮ್ಮಾ, ಬ್ಯಾಡಾದ್ರ ಬ್ಯಾಡ. ಅಕ್ಕಾರ, ಆರು ಹೆಸ್ರು ಹಾಕ್ರಿ, ಏಳನೇ ಜಾಗಾ ಖಾಲಿ ಬಿಡ್ರಿ. ಇದ್ಯಾಕ ಖಾಲಿ ಅಂತ ಯಾರರ ಕೇಳಿದ್ರ ನಾ ಹೇಳ್ತೀನಿ, ಅದು ನಿಂಗಪ್ಪನ ಹೆಂಡ್ತಿ ಕುಂದರೂ ಜಾಗಾ, ಅಂವಗ ನಾಚಿಕಿ ಬರತೈತಿ ಅಂತ."

"ಏ ಚಿಗವ್ವಾ, ಹಂಗ್ಯಾಕಂತಿ," ಎಂದ ನಿಂಗಪ್ಪ. ಅವನ ಮುಖ ಸಣ್ಣದಾಗಿತ್ತು.

ಫಕೀರವ್ವ ಗಂಡನ ಕಡೆ ನೋಡಿ ಹೇಳಿದಳು, "ಏಳು ದನಿ ಅದಾವು. ಆರು ಹೆಸ್ರು ಬರದ್ರ ಅದು ಸುಳ್ಳ ಆಗತೈತಿ. ನಾ ಹಾಡಿಲ್ಲೇನು? ನೀನ ಕೇಳೀದಿ ಹೌದಿಲ್ಲೋ?"

ನಿಂಗಪ್ಪ ಹೊರಗಿನ ಮಳೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕಂಪ್ಯೂಟರಿನ ಹತ್ತಿರ ಬಂದು, "ಎಲ್ಲೈತ್ರಿ ಅದು?" ಎಂದು ಕೇಳಿದ. ನಾನು ಹೆಂಡತಿಯ ಹೆಸರು ತೋರಿಸಿದೆ. ಬಗ್ಗಿ ನೋಡಿದ. "ಹಾಕ್ರಿ. ಅಕ್ಷರ ಛಂದ ಬರಲಿ ಮತ್ತ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ.

ಮೊದಲ ಡಿಸ್ಕ್ ಟ್ರೇಯಲ್ಲಿ ಒಳಗೆ ಹೋಯಿತು. ಗಾಲಿಯ ಸದ್ದು, ಶಾಯಿಯ ತಲೆ ಅತ್ತಿಂದಿತ್ತ ಓಡಾಡುವ ಸದ್ದು. ಹೊರಬಂದಾಗ ಬಣ್ಣವೇನೋ ಚೆನ್ನಾಗಿ ಕೂತಿತ್ತು, ಆದರೆ ಚಿತ್ರವೆಲ್ಲ ಒಂದು ಎಳೆಯಷ್ಟು ಎಡಕ್ಕೆ ಸರಿದಿತ್ತು. ಕಾಗದದ ಮೇಲೆ ಗೊತ್ತಾಗದ ಸಣ್ಣ ತಪ್ಪು ಡಿಸ್ಕಿನ ಅಂಚಿನಲ್ಲಿ ಕಣ್ಣಿಗೆ ರಾಚುತ್ತಿತ್ತು. ಕಾಶವ್ವನ 'ಕಾ' ಅಂಚಿನ ಆಚೆ ಹೋಗಿತ್ತು. ಸಾಫ್ಟ್‌ವೇರಿನಲ್ಲಿ ಅಷ್ಟೇ ಅಳತೆಯನ್ನು ಬಲಕ್ಕೆ ಸರಿಸಿ ಎರಡನೆಯದನ್ನು ಹಾಕಿದೆ. ಈ ಸಲ ಏಳು ಹೆಸರೂ ಅಂಚಿನ ಒಳಗೆ, ಒಂದೇ ದೂರದಲ್ಲಿ, ಒಂದೊಂದು ಒತ್ತೂ ತನ್ನ ಅಕ್ಷರದ ಕೆಳಗೆ.

ಅದನ್ನು ಟ್ರೇಯಿಂದ ಎತ್ತಿ ಮೇಜಿನ ಮೇಲೆ ಇಟ್ಟಿದ್ದೇ ತಡ, ಯಲ್ಲವ್ವ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಫಕೀರವ್ವ ತೋರಿಸಿದ್ದಳು, ಇಲ್ಲೈತಿ ನೋಡಬೇ ನಿನ್ನ ಹೆಸ್ರು ಎಂದು. ಶಾಯಿ ಇನ್ನೂ ಹಸಿ. ಹೆಸರು ಕದಡಿ ಬೆರಳಿಗೆ ಹತ್ತಿತು. ಯಲ್ಲವ್ವ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಕೆಡಿಸಿಬಿಟ್ನೇನ್ರಿ ಅಕ್ಕಾರ?"

"ಇಲ್ರಿ ಅಜ್ಜಿ, ಇನ್ನೂ ಅದಾವು," ಎಂದೆ. ಇದ್ದದ್ದು ಮೂರು. ರೇಡಿಯೋದವರಿಗೆ ಎರಡು ಬೇಕಿತ್ತು.

ಉಳಿದ ಮೂರನ್ನು ಬಹಳ ಎಚ್ಚರದಿಂದ ಅಚ್ಚು ಹಾಕಿದೆ. ಮೂರೂ ಸರಿ ಬಂದವು. ಆದರೆ ಆ ಮಳೆಗೆ ಶಾಯಿ ಒಣಗಬೇಕಲ್ಲ. ಕಲಘಟಗಿಯ ಮಳೆಯಲ್ಲಿ ಗೋಡೆಯೂ ಬೆವರುತ್ತದೆ. ಫ್ಯಾನಿನ ಗಾಳಿಯೂ ಒದ್ದೆಯೇ. ಬಿಸಿಲಿಲ್ಲ, ಒಲೆಯ ಹತ್ತಿರ ಇಟ್ಟರೆ ಡಿಸ್ಕ್ ಸೊಟ್ಟಗಾಗುವ ಭಯ. ಅತ್ತೆಯವರ ಹಳೆಯ ಕಟ್ಟಿಗೆಯ ಕಪಾಟನ್ನು ಖಾಲಿ ಮಾಡಿ, ಕೆಳಗಿನ ಅರೆಯಲ್ಲಿ ಒಂದು ಹಳದಿ ಬಲ್ಬ್ ಹೊತ್ತಿಸಿ, ಮೇಲಿನ ಅರೆಯಲ್ಲಿ ಡಿಸ್ಕುಗಳನ್ನು ಬಿಡಿಬಿಡಿಯಾಗಿ ಇಟ್ಟು, ಬಾಗಿಲನ್ನು ಸ್ವಲ್ಪವೇ ತೆರೆದಿಟ್ಟೆ. ಮರುದಿನ ಬೆಳಿಗ್ಗೆ ಅಂಚಿನಲ್ಲಿ ಬೆರಳಿಟ್ಟು ಒತ್ತಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಮೂರಕ್ಕೂ ಕಂಪ್ಯೂಟರಿನಿಂದ ಹಾಡು ತುಂಬಿ, ಯಂತ್ರಕ್ಕೆ ಹಾಕಿ ಮೊದಲಿಂದ ಕೊನೆಯವರೆಗೆ ಹಾಡಿಸಿದೆ. ಎಲ್ಲಿಯೂ ತೊದಲಲಿಲ್ಲ.

ಶನಿವಾರ ಗಂಗವ್ವ, ಫಕೀರವ್ವನ ಜೊತೆ ನಾನೂ ಧಾರವಾಡದ ಬಸ್ಸು ಹತ್ತಿದೆ. ಡಿಸ್ಕುಗಳನ್ನು ಡಬ್ಬಿಯಲ್ಲಿಟ್ಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಗವ್ವ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದರು. ರೇಡಿಯೋ ಕೇಂದ್ರದಲ್ಲಿ ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಮೊದಲು ಡಿಸ್ಕನ್ನು ಉಗುರಿನಿಂದ ಕೆರೆದು ನೋಡಿದರು. ಸ್ಟಿಕ್ಕರ್ ಇರಬಹುದೆಂಬ ಅನುಮಾನ.

"ಕಿತ್ತರ ಬರೂದಿಲ್ರಿ," ಎಂದರು ಗಂಗವ್ವ.

ಮೇಡಂ ನಕ್ಕು ಡಿಸ್ಕನ್ನು ಯಂತ್ರಕ್ಕೆ ಹಾಕಿದರು. ಹಾಡು ಶುರುವಾಯಿತು. ಮೊದಲ ಹಾಡು ಮುಗಿಯುವವರೆಗೂ ಕೇಳಿ, ಎರಡನೆಯದನ್ನೂ ಕೇಳಿ, ಡಿಸ್ಕ್ ಹೊರತೆಗೆದು ಬೆಳಕಿಗೆ ಹಿಡಿದರು. "ನಮಗ ಬರೂ ಡಿಸ್ಕಿನ್ಯಾಗ ಅರ್ಧಕ್ಕ ಹೆಸರ ಇರೂದಿಲ್ರಿ. ಏನಂತ ಹೇಳೂದು ಗೊತ್ತಾಗದ 'ಜನಪದ ಹಾಡು ಕೇಳ್ರಿ' ಅಂತಿರ್ತೀವಿ. ಇದನ್ನ ನಾವು ಹೆಸರು ಹೇಳೇ ಹಾಕ್ತೀವಿ," ಎಂದರು.

ಪಂಚಮಿಯ ದಿನ ನನ್ನನ್ನು ದೇವಿಕೊಪ್ಪಕ್ಕೆ ಕರೆದಿದ್ದರು. ಗಂಗವ್ವನ ಮನೆಯ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಅಲ್ಲೇ ಇದ್ದರು. ಜಗುಲಿಯ ಮೇಲೆ ನಿಂಗಪ್ಪ ತನ್ನ ಟ್ರ್ಯಾಕ್ಟರಿನ ರೇಡಿಯೋ ಬಿಚ್ಚಿ ತಂದು, ಬ್ಯಾಟರಿಗೆ ವೈರ್ ಕಟ್ಟಿ, ಏರಿಯಲ್ ತಂತಿಯನ್ನು ಮಾಡಿನವರೆಗೆ ಎಳೆದಿದ್ದ. ಅದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಿರೂಪಕ ಹಬ್ಬದ ಶುಭಾಶಯ ಹೇಳಿದ. ದೇವಿಕೊಪ್ಪದ ಹೆಣ್ಣುಮಕ್ಕಳು ಹಾಡಿದ ಪಂಚಮಿ ಹಾಡು ಎಂದ. ಆಮೇಲೆ ಹೆಸರು ಓದತೊಡಗಿದ. ವೃತ್ತಕ್ಕೆ ಮೊದಲು-ಕೊನೆ ಇರುವುದಿಲ್ಲವಲ್ಲ, ಡಿಸ್ಕ್ ಅವನ ಕೈಯಲ್ಲಿ ಹೇಗೆ ಬಂದಿತ್ತೋ ಅಲ್ಲಿಂದಲೇ ಶುರು ಮಾಡಿದ್ದ.

"ಫಕೀರವ್ವ, ಶಾಂತವ್ವ, ನೀಲವ್ವ..."

ಮೊದಲ ಹೆಸರಿಗೇ ಫಕೀರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಿಂಗಪ್ಪ ಯಾರ ಮುಖವನ್ನೂ ನೋಡದೆ ರೇಡಿಯೋದ ದನಿಯನ್ನು ಇನ್ನಷ್ಟು ಏರಿಸಿದ. ಯಲ್ಲವ್ವ ತಮ್ಮ ಹೆಸರು ಬರುವವರೆಗೂ ಬೆರಳು ಮಡಿಚಿ ಎಣಿಸುತ್ತಿದ್ದರು. ಬಂದಾಗ, "ಹ್ಞೂಂ, ನಾನ," ಎಂದು ರೇಡಿಯೋಕ್ಕೇ ಉತ್ತರ ಕೊಟ್ಟರು. ಕೊನೆಗೆ ಬಂದದ್ದು ಗಂಗವ್ವನ ಹೆಸರು. ಹಾಡು ಶುರುವಾದಾಗ ಅವರು ತಮ್ಮ ದನಿಯ ಜೊತೆ ತಾವೂ ದನಿಗೂಡಿಸಿದರು. ಉಳಿದ ಆರು ಮಂದಿಯೂ ಸೇರಿದರು. ರೇಡಿಯೋ ಕೇಳಿಸುವುದೇ ನಿಂತುಹೋಯಿತು.

ಆ ಹಬ್ಬದ ನಂತರ ಮೇಳಕ್ಕೆ ನವಲಗುಂದ, ಕುಂದಗೋಳದ ಕಡೆಯಿಂದಲೂ ಕರೆ ಬಂತು. ಕರೆಯುವವರು ಹೆಸರು ಹಿಡಿದೇ ಕೇಳಿಕೊಂಡು ಬರುತ್ತಿದ್ದರು. ಸಂತೆಯ ಆ ಸಿ.ಡಿ. ಅಂಗಡಿಯವನೂ ಒಮ್ಮೆ ನನ್ನ ಮನೆಗೆ ಬಂದು, ಗಂಗವ್ವನವರ ಡಿಸ್ಕ್ ಮಾರಾಟಕ್ಕೆ ಸಿಗುತ್ತದೆಯೇ ಎಂದು ವಿಚಾರಿಸಿದ. ಅವರನ್ನೇ ಹೋಗಿ ಕೇಳಿರಿ ಎಂದು ದೇವಿಕೊಪ್ಪದ ಬಸ್ಸಿನ ವೇಳೆ ಹೇಳಿ ಕಳಿಸಿದೆ. ಅವನು ಹೋದನಂತೆ. ಗಂಗವ್ವ ಅವನಿಗೆ ಚಹಾ ಕೊಟ್ಟು, ಏಳೂ ಮಂದಿಯ ಹೆಸರು ಅವನ ಬಾಯಿಂದ ಹೇಳಿಸಿದ ಮೇಲೆಯೇ ವ್ಯವಹಾರದ ಮಾತು ತೆಗೆದರಂತೆ.

ಈಗ ಡಿಸ್ಕ್ ಕೇಳುವವರು ಯಾರೂ ಇಲ್ಲ. ಆ ಪ್ರಿಂಟರಿನ ಶಾಯಿಯೂ ಸಿಗುವುದಿಲ್ಲ. ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ, ಅವುಗಳಿಗೆ ಅಚ್ಚು ಹಾಕಲು ಮೈಯೇ ಇಲ್ಲ. ಆದರೂ ಆ ಕೆಲಸ ನನಗೆ ಕಲಿಸಿದ್ದನ್ನು ಬಿಟ್ಟಿಲ್ಲ. ಮಾಡಿದವರ ಹೆಸರು ಮಾಡಿದ ವಸ್ತುವಿನಿಂದ ಬೇರ್ಪಡುವಂತೆ ಇದ್ದರೆ ಒಂದಲ್ಲ ಒಂದು ದಿನ ಬೇರ್ಪಟ್ಟೇ ಬಿಡುತ್ತದೆ. ಅದನ್ನು ತಡೆಯುವುದು ಅಚ್ಚು ಹಾಕುವವರ ಕೆಲಸದ ಭಾಗ. ಈಗ ನಾನು ಹಾಡಿನ ಧ್ವನಿಮುದ್ರಣವನ್ನೂ ಮಾಡಿಕೊಡುತ್ತೇನೆ. ಯಾರೇ ಹಾಡಲು ಬಂದರೂ ಮೈಕ್ ಹಚ್ಚಿದ ಕೂಡಲೇ ಮೊದಲು ಒಂದು ಮಾತು ಹೇಳುತ್ತೇನೆ: ಹಾಡು ಆಮ್ಯಾಲ ಹಾಡ್ರಿ, ಮದಲ ಎಲ್ಲಾರೂ ನಿಮ್ಮ ನಿಮ್ಮ ಹೆಸರು ಹೇಳ್ರಿ.